ಟರ್ಮಿನಲ್‌ನಿಂದ ತಿಂಗಳ ಕ್ಯಾಲೆಂಡರ್ ಮುದ್ರಿಸುವುದು: ಪಿಕ್ಯಾಲ್‌ನಲ್ಲಿ ಕನ್ನಡ ಮೂಡುತ್ತಿಲ್ಲ, ಕಾಸರಗೋಡಿನ ರಜೆಗಳನ್ನು ಸೇರಿಸುವುದು ಹೇಗೆ?

ಪ್ರಶ್ನೆ: ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದೇನೆ. ಪ್ರತಿ ತಿಂಗಳಿಗೆ ಒಂದು ಎ4 ಹಾಳೆಯಂತೆ ಕ್ಯಾಲೆಂಡರ್ ಮುದ್ರಿಸಿ ತರಗತಿಯ ಗೋಡೆಗೆ ಅಂಟಿಸಬೇಕೆಂಬುದು ನನ್ನ ಉದ್ದೇಶ. ಪ್ರತಿ ದಿನದ ಚೌಕದಲ್ಲಿ ಮಕ್ಕಳು ತಾವೇ ಮಳೆಯ ವಿವರವನ್ನೋ, ಆ ದಿನ ಓದಿದ ಪುಸ್ತಕದ ಹೆಸರನ್ನೋ ಬರೆಯುವಷ್ಟು ಜಾಗ ಇರಬೇಕು.

ಅಂಗಡಿಯಲ್ಲಿ ಸಿಗುವ ಕ್ಯಾಲೆಂಡರ್‌ಗಳು ನಮಗೆ ಪೂರ್ತಿ ಹೊಂದುವುದಿಲ್ಲ. ಮಂಗಳೂರು ಕಡೆಯಿಂದ ಬರುವ ಕನ್ನಡ ಕ್ಯಾಲೆಂಡರ್‌ನಲ್ಲಿ ಕರ್ನಾಟಕದ ರಜೆಗಳು ಕೆಂಪಾಗಿರುತ್ತವೆ. ಕನಕ ಜಯಂತಿಗೆ ಅಲ್ಲಿ ರಜೆ, ನಮ್ಮಲ್ಲಿ ಶಾಲೆ ಇರುತ್ತದೆ. ನವೆಂಬರ್ 1ಕ್ಕೆ ಅಲ್ಲಿ ರಾಜ್ಯೋತ್ಸವದ ರಜೆ, ಇಲ್ಲಿ ಅದು ಕೇರಳ ಪಿರವಿ, ಎಂದರೆ ಕೇರಳ ರಾಜ್ಯ ಹುಟ್ಟಿದ ದಿನ. ಇಲ್ಲಿಯ ಮಲಯಾಳಂ ಕ್ಯಾಲೆಂಡರ್‌ನಲ್ಲಿ ಓಣಂ ರಜೆಗಳು, ಸೆಪ್ಟೆಂಬರ್ 21ರ ಶ್ರೀ ನಾರಾಯಣ ಗುರು ಸಮಾಧಿ ದಿನ, ಎರಡನೇ ಶನಿವಾರ ಎಲ್ಲವೂ ಸರಿಯಾಗಿರುತ್ತವೆ, ಆದರೆ ಒಂದನೇ ತರಗತಿಯ ಮಕ್ಕಳು ಅದನ್ನು ಓದಲಾರರು. ಇಲ್ಲಿಯ ರಜೆಗಳು ಕನ್ನಡದಲ್ಲಿರುವ ಹಾಳೆಯೊಂದು ಬೇಕಾದರೆ ನಾವೇ ಮಾಡಿಕೊಳ್ಳಬೇಕಾಗಿದೆ.

ಶಾಲೆಯ ಕಂಪ್ಯೂಟರ್‌ನಲ್ಲಿ ಕೈಟ್‌ನವರ (ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಗ್ನೂ/ಲಿನಕ್ಸ್ ಇದೆ. ಅದರಲ್ಲಿ ಪಿಕ್ಯಾಲ್ ಎಂಬ ಪ್ರೋಗ್ರಾಂ ಅನ್ನು ಹಾಕಿಕೊಂಡೆ. ತಿಂಗಳು ಮತ್ತು ವರ್ಷವನ್ನು ಕೊಟ್ಟು ಟರ್ಮಿನಲ್‌ನಲ್ಲಿ (ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿ) ಒಂದು ಸಾಲು ಟೈಪ್ ಮಾಡಿದರೆ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣದ ಫೈಲ್ ರೂಪದಲ್ಲಿ ಅಚ್ಚುಕಟ್ಟಾದ ಹಾಳೆ ಸಿದ್ಧವಾಗುತ್ತದೆ, ಹಿಂದಿನ ಮತ್ತು ಮುಂದಿನ ತಿಂಗಳುಗಳ ಪುಟ್ಟ ಕ್ಯಾಲೆಂಡರ್‌ಗಳೂ ಅದರಲ್ಲೇ ಇರುತ್ತವೆ. ದಿನಾಂಕಗಳ ಫೈಲ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದ ರಜೆಗಳು ಸರಿಯಾಗಿ ಬಂದವು. ಅದೇ ಜಾಗದಲ್ಲಿ ಕನ್ನಡದಲ್ಲಿ ಬರೆದರೆ ಮಾತ್ರ ತಲೆಯ ಮೇಲೆ ಗೀಟು ಇರುವ ಇಂಗ್ಲಿಷ್ ‘ಎ’ ಅಕ್ಷರ, ಅದರ ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಸಣ್ಣ 2 ಅಥವಾ 3, ಹೀಗೆ ಅದೇ ಜೋಡಿ ಸಾಲುದ್ದಕ್ಕೂ ಮೂಡುತ್ತದೆ. ಫಾಂಟ್ ಬದಲಿಸುವ ಆಯ್ಕೆಯಲ್ಲಿ ಕನ್ನಡ ಫಾಂಟಿನ ಹೆಸರು ಕೊಟ್ಟರೂ ಫಲ ಸಿಗಲಿಲ್ಲ. ಪಿಕ್ಯಾಲ್‌ನಲ್ಲೇ ಇದಕ್ಕೆ ದಾರಿ ಇದೆಯೇ, ಅಥವಾ ಬೇರೆ ಪ್ರೋಗ್ರಾಂ ಹಿಡಿಯಬೇಕೇ? ಅಮಾವಾಸ್ಯೆ ಮತ್ತು ಹುಣ್ಣಿಮೆಯ ಗುರುತುಗಳೂ ಬಂದರೆ ಮಕ್ಕಳಿಗೆ ಆಕಾಶ ತೋರಿಸಲು ಅನುಕೂಲ.

ಉತ್ತರ: ಕುಂಬಳೆಯ ಲಿನಕ್ಸ್ ಬಳಕೆದಾರ

ಟೀಚರ್, ನಮಸ್ಕಾರ. ನೀವು ಕಂಡ ಸಣ್ಣ 2 ಮತ್ತು 3 ಕಾರಣವನ್ನು ತಾವೇ ಹೇಳುತ್ತಿವೆ. ಕಂಪ್ಯೂಟರ್ ಅಕ್ಷರಗಳನ್ನು ಸಂಕೇತಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಯೂ ಮೂರು ಬೈಟ್‌ಗಳಾಗಿ ಉಳಿಯುತ್ತದೆ. ಮೊದಲನೆಯ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡೇ ಬಗೆಯದು, ಮೂರನೆಯದು ಮಾತ್ರ ಅಕ್ಷರದಿಂದ ಅಕ್ಷರಕ್ಕೆ ಬೇರೆ. ಪಿಕ್ಯಾಲ್ ಒಂದು ಬೈಟ್ ಎಂದರೆ ಒಂದು ಅಕ್ಷರ ಎಂದು ತಿಳಿಯುವ ಕಾಲದಲ್ಲಿ ಹುಟ್ಟಿದ ಪ್ರೋಗ್ರಾಂ; ಅದರ ಮೊದಲ ರೂಪ 1980ರ ದಶಕದ್ದು. ಆದ್ದರಿಂದ ಅದು ಮೊದಲ ಬೈಟ್ ಅನ್ನು ಯುರೋಪಿನ ಭಾಷೆಗಳ ಗೀಟಿನ ‘ಎ’ ಎಂದೂ, ಎರಡನೆಯದನ್ನು ಸಣ್ಣ 2 ಅಥವಾ 3 ಎಂದೂ ಓದಿಕೊಂಡು ಹಾಗೆಯೇ ಮುದ್ರಿಸುತ್ತದೆ.

ಫಾಂಟ್ ಬದಲಿಸಿದರೆ ಸಾಲದು ಎಂಬುದಕ್ಕೆ ಇನ್ನೂ ಒಂದು ಕಾರಣವಿದೆ. ‘ಸ್ವಾತಂತ್ರ್ಯ’ ಎಂದು ಬರೆಯುವಾಗ ‘ತ’ಕಾರದ ಕೆಳಗೆ ಎರಡು ಒತ್ತುಗಳು ಒಂದರ ಬಳಿಕ ಒಂದು ಕೂರಬೇಕು. ಫೈಲ್‌ನಲ್ಲಿ ಇರುವುದು ವ್ಯಂಜನ, ವಿರಾಮ, ವ್ಯಂಜನ ಎಂಬ ಸರಣಿ ಮಾತ್ರ. ಅದನ್ನು ಒತ್ತಕ್ಷರವಾಗಿ ಜೋಡಿಸುವ ಕೆಲಸವನ್ನು ಇನ್ನೊಂದು ತಂತ್ರಾಂಶ ಮಾಡಬೇಕು. ಲಿನಕ್ಸ್‌ನಲ್ಲಿ ಆ ಹೊಣೆ ಪ್ಯಾಂಗೋ ಮತ್ತು ಹಾರ್ಫ್‌ಬಝ್ ಎಂಬ ಲೈಬ್ರರಿಗಳದ್ದು. ಪಿಕ್ಯಾಲ್ ಅವುಗಳನ್ನು ಕರೆಯುವುದೇ ಇಲ್ಲ, ನೇರವಾಗಿ ಪೋಸ್ಟ್‌ಸ್ಕ್ರಿಪ್ಟ್ ಬರೆದುಬಿಡುತ್ತದೆ. ಖಾಲಿ ಚೌಕಗಳ ಹಾಳೆಗೆ ಅದಕ್ಕಿಂತ ಹಗುರವಾದ ಸಾಧನವನ್ನು ನಾನು ಕಂಡಿಲ್ಲ, ಆದರೆ ಕನ್ನಡದ ಕೆಲಸಕ್ಕೆ ಅದನ್ನು ಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಬದಲಿಗೆ ‘ರಿಮೈಂಡ್’ ಎಂಬ ಪ್ರೋಗ್ರಾಂ ಅನ್ನು ಹಾಕಿಕೊಳ್ಳಿ. ಅದರ ಜೊತೆಗೆ ‘ರೆಮ್‌ಟುಪಿಡಿಎಫ್’ ಎಂಬ ಪರ್ಲ್ ಪ್ರೋಗ್ರಾಂ ಬರುತ್ತದೆ (ಹೆಸರಿನ ನಡುವೆ 2 ಎಂಬ ಅಂಕೆ ಇದೆ). ಇದೇ ಕುಟುಂಬದ ಹಳೆಯ ‘ರೆಮ್‌ಟುಪಿಎಸ್’ಗೂ ಪಿಕ್ಯಾಲ್‌ನ ಕೊರತೆಯೇ ಇದೆ, ಅದನ್ನು ಬಳಸಬೇಡಿ. ಹೊಸದು ಪ್ಯಾಂಗೋ ಮತ್ತು ಚಿತ್ರ ಬಿಡಿಸುವ ಕೈರೋ ಲೈಬ್ರರಿಯ ಮೂಲಕ ಚಿತ್ರಿಸುವುದರಿಂದ ಒತ್ತು, ದೀರ್ಘ, ಅರ್ಕಾವತ್ತು ಎಲ್ಲವೂ ತಮ್ಮ ಜಾಗದಲ್ಲೇ ಬರುತ್ತವೆ. ಅದು ಓಡಬೇಕಾದರೆ ಪರ್ಲ್ ಭಾಷೆಯ ಪ್ಯಾಂಗೋ, ಕೈರೋ ಮತ್ತು ಜೇಸನ್ ಮಾಡ್ಯೂಲ್‌ಗಳು ಕಂಪ್ಯೂಟರ್‌ನಲ್ಲಿರಬೇಕು. ಬಹಳ ಹಳೆಯ ಆವೃತ್ತಿಯ ರಿಮೈಂಡ್ ಆಗಿದ್ದರೆ ಈ ಹೊಸ ಪ್ರೋಗ್ರಾಂ ಅದರಲ್ಲಿ ಇರುವುದಿಲ್ಲ, ಆದ್ದರಿಂದ ಮೊದಲು ಆವೃತ್ತಿಯನ್ನು ನೋಡಿಕೊಳ್ಳಿ.

ಬರೆಯುವ ಕ್ರಮ ಸರಳವಾಗಿದೆ. ಇಲ್ಲಿ ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನು ಬಳಸಬೇಕು, ವಿವರಣೆಯ ಪಠ್ಯ ಮಾತ್ರ ಕನ್ನಡದಲ್ಲಿರಲಿ. ಸಾಮಾನ್ಯ ಪಠ್ಯ ಫೈಲ್ ಒಂದರಲ್ಲಿ ‘ರೆಮ್ 15 ಆಗ್ ಎಂಎಸ್‌ಜಿ’ ಎಂದು ಬರೆದು ಅದರ ಮುಂದೆ ‘ಸ್ವಾತಂತ್ರ್ಯ ದಿನ’ ಎಂದು ಸೇರಿಸಿದರೆ ಪ್ರತಿ ವರ್ಷದ ಆಗಸ್ಟ್ 15ಕ್ಕೂ ಅದು ಬರುತ್ತದೆ. ‘ರೆಮ್ ಸ್ಯಾಟ್ 8 ಎಂಎಸ್‌ಜಿ’ ಎಂದರೆ ಪ್ರತಿ ತಿಂಗಳ 8ನೇ ತಾರೀಕಿನಂದು ಅಥವಾ ಅದರ ಬಳಿಕ ಬರುವ ಮೊದಲ ಶನಿವಾರ ಎಂದರ್ಥ. ಎರಡನೇ ಶನಿವಾರ 8ರಿಂದ 14ರ ಒಳಗೇ ಬೀಳುವುದರಿಂದ ಲೆಕ್ಕ ಎಂದೂ ತಪ್ಪುವುದಿಲ್ಲ. 8ರ ಜಾಗದಲ್ಲಿ 22 ಎಂದು ಬರೆದರೆ ನಾಲ್ಕನೇ ಶನಿವಾರ ಸಿಗುತ್ತದೆ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕ್‌ಗಳಿಗೆ ಆ ದಿನವೂ ರಜೆಯಾಗಿರುವುದರಿಂದ ಹಿರಿಯರಿಗಾಗಿ ಮುದ್ರಿಸುವ ಪ್ರತಿಯಲ್ಲಿ ಅದನ್ನೂ ಸೇರಿಸಬಹುದು. ಈಸ್ಟರ್ ದಿನಾಂಕವನ್ನು ರಿಮೈಂಡ್ ತಾನೇ ಲೆಕ್ಕ ಹಾಕುತ್ತದೆ, ಅದರಿಂದ ಎರಡು ದಿನ ಕಳೆದರೆ ಗುಡ್ ಫ್ರೈಡೇ ಸಿಗುತ್ತದೆ. 2026ಕ್ಕೆ ಅದು ಏಪ್ರಿಲ್ 3 ಎಂದು ಬರಬೇಕು, ಪರೀಕ್ಷಿಸಿ ನೋಡಿ.

ಇಷ್ಟು ಸಿದ್ಧವಾದ ಮೇಲೆ ರಿಮೈಂಡ್‌ಗೆ ಹೈಫನ್, ಅದಕ್ಕೆ ತಾಗಿದಂತೆ ಮೂರು ‘ಪಿ’, ಅದಕ್ಕೆ ತಾಗಿದಂತೆ 12 ಎಂಬ ಆಯ್ಕೆಯನ್ನೂ, ಆ ಬಳಿಕ ಫೈಲಿನ ಹೆಸರನ್ನೂ, ‘ಜಾನ್ 2026’ ಎಂಬ ಆರಂಭದ ತಿಂಗಳನ್ನೂ ಕೊಟ್ಟು, ಬರುವ ಫಲಿತಾಂಶವನ್ನು ಪೈಪ್ (ನೆಟ್ಟಗಿನ ಗೆರೆಯ ಚಿಹ್ನೆ) ಮೂಲಕ ರೆಮ್‌ಟುಪಿಡಿಎಫ್‌ಗೆ ಕಳುಹಿಸಿ ಒಂದು ಪಿಡಿಎಫ್ ಫೈಲಿಗೆ ಬರೆಸಿರಿ. ಹನ್ನೆರಡು ಪುಟಗಳು ಒಮ್ಮೆಗೇ ಸಿದ್ಧವಾಗುತ್ತವೆ. ಶಾಲೆಯ ವರ್ಷಕ್ಕೆ ಬೇಕಾದರೆ ಜೂನ್‌ನಿಂದ ಆರಂಭಿಸಿ 10 ತಿಂಗಳು ಕೇಳಿದರೆ ಮಾರ್ಚ್‌ಗೆ ನಿಲ್ಲುತ್ತದೆ. ರೆಮ್‌ಟುಪಿಡಿಎಫ್‌ಗೆ ಹೈಫನ್ ಎಲ್ ಕೊಟ್ಟರೆ ಹಾಳೆ ಅಡ್ಡಲಾಗುತ್ತದೆ, ಹೈಫನ್ ಇ ಕೊಟ್ಟರೆ ಚೌಕಗಳು ಹಾಳೆಯ ತಳದವರೆಗೆ ಹಿಗ್ಗುತ್ತವೆ. ಮಕ್ಕಳು ಬರೆಯಬೇಕಾಗಿರುವ ನಿಮ್ಮ ಹಾಳೆಗೆ ಈ ಎರಡನೆಯದು ಅಗತ್ಯವೇ ಆಗಿದೆ, ಏಕೆಂದರೆ ಅದಿಲ್ಲದಿದ್ದರೆ ನಮೂದು ಕಡಿಮೆ ಇರುವ ವಾರದ ಸಾಲು ಗಿಡ್ಡವಾಗುತ್ತದೆ. ಹಾಳೆಯ ಅಳತೆಗೆ ಹೈಫನ್ ಎಂ ಜೊತೆಗೆ ಎ4 ಎಂದು ಸ್ಪಷ್ಟವಾಗಿ ಹೇಳಿರಿ. ಹೇಳದಿದ್ದರೆ ಕೆಲವು ಕಂಪ್ಯೂಟರ್‌ಗಳಲ್ಲಿ ಅಮೆರಿಕದ ಲೆಟರ್ ಅಳತೆ ಬಂದು ಅಂಚು ಕತ್ತರಿಸಿಹೋಗುತ್ತದೆ.

ವಾರ ಮತ್ತು ತಿಂಗಳ ಹೆಸರುಗಳು ಮೊದಲಿಗೆ ಇಂಗ್ಲಿಷಿನಲ್ಲೇ ಬರುತ್ತವೆ. ಇತ್ತೀಚಿನ ಆವೃತ್ತಿಗಳಲ್ಲಿ ‘ಸೆಟ್’ ಎಂದು ಬರೆದು, ಡಾಲರ್ ಚಿಹ್ನೆ ಸೇರಿದ ಇಂಗ್ಲಿಷ್ ಹೆಸರನ್ನೂ ಉದ್ಧರಣ ಚಿಹ್ನೆಯೊಳಗೆ ಕನ್ನಡದ ಹೆಸರನ್ನೂ ಕೊಟ್ಟರೆ, ಆದಿತ್ಯವಾರ, ಸೋಮವಾರ ಎಂದು ನಾವು ಹೇಳುವ ಹೆಸರುಗಳೇ ತಲೆಸಾಲಿನಲ್ಲಿ ಬರುತ್ತವೆ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ಲೋಹಿತ್ ಅಥವಾ ಗುಬ್ಬಿ, ಇವುಗಳಲ್ಲಿ ಯಾವುದಿದ್ದರೂ ಸಾಕು. ತಲೆಸಾಲು, ದಿನದ ಅಂಕೆ, ನಮೂದು, ಪುಟ್ಟ ಕ್ಯಾಲೆಂಡರ್, ಪ್ರತಿಯೊಂದಕ್ಕೂ ಬೇರೆ ಬೇರೆ ಫಾಂಟ್ ಸೂಚಿಸಲು ಅವಕಾಶವಿದೆ.

ಉತ್ತರ: ಮಂಜೇಶ್ವರದ ನಿವೃತ್ತ ಅಧ್ಯಾಪಕ

ಮೇಲಿನವರು ಹೇಳಿದ್ದಕ್ಕೆ ಚಂದ್ರನ ವಿಷಯವೊಂದನ್ನು ಸೇರಿಸುತ್ತೇನೆ, ಏಕೆಂದರೆ ಮಕ್ಕಳ ಮನೆಯಲ್ಲಿರುವ ಕ್ಯಾಲೆಂಡರ್‌ಗೂ ನಿಮ್ಮ ಹಾಳೆಗೂ ಒಂದು ದಿನದ ವ್ಯತ್ಯಾಸ ಬಂದರೆ ಅದನ್ನು ವಿವರಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಪಿಕ್ಯಾಲ್ ಆಗಲಿ ರಿಮೈಂಡ್ ಆಗಲಿ ಗುರುತಿಸುವುದು ಸೂರ್ಯ ಮತ್ತು ಚಂದ್ರ ಒಂದೇ ರೇಖಾಂಶಕ್ಕೆ ಬರುವ ಆ ಒಂದು ಕ್ಷಣವನ್ನು. ಆ ಕ್ಷಣ ಯಾವ ತಾರೀಕಿನಲ್ಲಿದೆಯೋ ಆ ಚೌಕದಲ್ಲಿ ಕಪ್ಪು ಚಂದ್ರ ಬರುತ್ತದೆ. ನಮ್ಮ ಪಂಚಾಂಗದ ಅಮಾವಾಸ್ಯೆ ಒಂದು ಕ್ಷಣವಲ್ಲ, ಅದು ತಿಥಿ. ಚಂದ್ರನು ಸೂರ್ಯನಿಂದ ದೂರ ಸರಿಯುವ ಪ್ರತಿ 12 ಡಿಗ್ರಿಗೆ ಒಂದು ತಿಥಿಯಾದರೆ, ಕೊನೆಯ 12 ಡಿಗ್ರಿಯ ಅವಧಿ ಅಮಾವಾಸ್ಯೆ, ಅದು ಮುಗಿಯುವುದು ಆ ಸಂಯೋಗದ ಕ್ಷಣದಲ್ಲಿ. ಎಂದರೆ ಪ್ರೋಗ್ರಾಂ ತೋರಿಸುವುದು ಅಮಾವಾಸ್ಯೆಯ ಕೊನೆಯನ್ನು, ಪಂಚಾಂಗ ಬರೆಯುವುದು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇರುವ ತಿಥಿಯನ್ನು. ಕ್ಷಣವು ಮಧ್ಯರಾತ್ರಿ ಕಳೆದು ಸೂರ್ಯೋದಯಕ್ಕೆ ಮೊದಲು ಬಂದಾಗಲೆಲ್ಲ ಎರಡೂ ಬೇರೆಯಾಗುತ್ತವೆ.

2025ರ ಆಟಿ ಅಮಾವಾಸ್ಯೆಯನ್ನೇ (ತುಳುವಿನ ಆಟಿ ತಿಂಗಳ ಅಮಾವಾಸ್ಯೆ) ತೆಗೆದುಕೊಳ್ಳಿ. ಆ ಸಂಯೋಗ ನಡೆದದ್ದು ಭಾರತೀಯ ಸಮಯದಂತೆ ಗುರುವಾರದ ಮಧ್ಯರಾತ್ರಿ ಕಳೆದು, ಜುಲೈ 25ರ ಶುಕ್ರವಾರ 12 ಗಂಟೆ 41 ನಿಮಿಷಕ್ಕೆ. ಗಡಿಯಾರ ಸರಿಯಾಗಿರುವ ಕಂಪ್ಯೂಟರ್ 25ರ ಚೌಕದಲ್ಲಿ ಚಂದ್ರನನ್ನು ಬರೆಯುತ್ತದೆ. ನಮ್ಮ ಮನೆಗಳಲ್ಲಿ ಹಾಲೆ ಮರದ ಕೆತ್ತೆ ತಂದು ಕಷಾಯ ಮಾಡಿ ಕುಡಿದದ್ದು 24ರ ಗುರುವಾರ ಬೆಳಿಗ್ಗೆ, ಏಕೆಂದರೆ ಗುರುವಾರದ ಸೂರ್ಯೋದಯಕ್ಕೆ ಅಮಾವಾಸ್ಯೆ ಇತ್ತು, ಶುಕ್ರವಾರದ ಸೂರ್ಯೋದಯಕ್ಕೆ ಶ್ರಾವಣದ ಪಾಡ್ಯ ಬಂದಾಗಿತ್ತು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಕಂಪ್ಯೂಟರ್‌ನ ಸಮಯವಲಯವನ್ನು ಭಾರತಕ್ಕೆ ಹೊಂದಿಸದೆ ಗ್ರೀನಿಚ್ ಸಮಯದಲ್ಲೇ ಬಿಟ್ಟಿದ್ದರೆ ಅದೇ ಕ್ಷಣ 24ರ ಸಂಜೆ 7 ಗಂಟೆ 11 ನಿಮಿಷವಾಗಿ ತೋರುತ್ತದೆ, ಚಂದ್ರನೂ 24ಕ್ಕೆ ಬರುತ್ತಾನೆ. ಆ ತಿಂಗಳು ಪಂಚಾಂಗಕ್ಕೆ ಹೊಂದಿತೆಂದು ನಂಬಿ ಹಾಗೆಯೇ ಬಿಟ್ಟರೆ ಬೇರೆ ತಿಂಗಳುಗಳಲ್ಲಿ ಎರಡು ಲೆಕ್ಕವೂ ಕೆಡುತ್ತದೆ.

ಹಬ್ಬಗಳಿಗೆ ಇದೂ ಸಾಲದು. ದೀಪಾವಳಿಯಂತಹ ಹಬ್ಬಕ್ಕೆ ಸೂರ್ಯೋದಯದ ತಿಥಿಯೊಂದನ್ನೇ ನೋಡುವುದಿಲ್ಲ, ಸಂಜೆಯ ಪ್ರದೋಷಕ್ಕೆ ಯಾವ ತಿಥಿ ಇದೆ ಎಂಬುದೂ ಮುಖ್ಯ. 2025ರಲ್ಲಿ ಸಂಯೋಗ ಅಕ್ಟೋಬರ್ 21ರ ಸಂಜೆ ಆಗಿದ್ದರೂ ಕೇರಳದಲ್ಲಿ ದೀಪಾವಳಿ ರಜೆ 20ಕ್ಕೆ ಇತ್ತು. ಕರ್ನಾಟಕದಲ್ಲಿ 20ಕ್ಕೆ ನರಕ ಚತುರ್ದಶಿ ಮತ್ತು 22ಕ್ಕೆ ಬಲಿಪಾಡ್ಯಮಿ ಎಂದು ಎರಡು ರಜೆಗಳಿದ್ದವು. ರಂಜಾನ್ ಮತ್ತು ಬಕ್ರೀದ್ ಚಂದ್ರದರ್ಶನವನ್ನು ಅವಲಂಬಿಸಿವೆ. ಆದ್ದರಿಂದ ಚಂದ್ರನ ಚಿತ್ರವನ್ನು ಪ್ರೋಗ್ರಾಂಗೆ ಬಿಡಿ, ಆಕಾಶ ನೋಡುವುದಕ್ಕೆ ಅದೇ ಸರಿ. ತಿಥಿ ಮತ್ತು ಹಬ್ಬಗಳನ್ನು ನಿಮ್ಮ ಮನೆಯಲ್ಲಿ ಅನುಸರಿಸುವ ಪಂಚಾಂಗದಿಂದ, ರಜೆಗಳನ್ನು ಕೇರಳ ಸರ್ಕಾರದ ಆ ವರ್ಷದ ಆದೇಶದಿಂದ ನೋಡಿ ಕೈಯಾರೆ ಬರೆಯಿರಿ.

ಬರೆಯುವಾಗ ಮೂರು ಫೈಲ್‌ಗಳಾಗಿ ವಿಂಗಡಿಸಿಕೊಂಡರೆ ಮುಂದಿನ ವರ್ಷ ಕೆಲಸ ಬಹಳ ಕಡಿಮೆಯಾಗುತ್ತದೆ. ತಾರೀಕು ಬದಲಾಗದ ದಿನಗಳೆಲ್ಲ ಒಂದರಲ್ಲಿರಲಿ: ಜನವರಿ 2ರ ಮನ್ನಂ ಜಯಂತಿ, ಜನವರಿ 26, ಮೇ 1, ಅಕ್ಟೋಬರ್ 2, ಕ್ರಿಸ್‌ಮಸ್ ಇತ್ಯಾದಿ. ವರ್ಷದಿಂದ ವರ್ಷಕ್ಕೆ ಸರಿಯುವ ಓಣಂ, ಚೌತಿ, ನವರಾತ್ರಿ, ಈದ್ ಇನ್ನೊಂದರಲ್ಲಿ, ವರ್ಷವನ್ನೂ ನಮೂದಿಸಿ. ಉದಾಹರಣೆಗೆ 2025ರ ತಿರುವೋಣಂ ಸೆಪ್ಟೆಂಬರ್ 5 ಎಂದು ಬರೆದರೆ ಅದು 2026ರಲ್ಲಿ ತಾನಾಗಿ ಮಾಯವಾಗುತ್ತದೆ. ಉಪಜಿಲ್ಲಾ ಕಲೋತ್ಸವ, ಪಿಟಿಎ ಸಭೆ, ಪರೀಕ್ಷೆಗಳು ಮೂರನೆಯದರಲ್ಲಿ. ಈ ಮೂರನ್ನೂ ‘ಇನ್‌ಕ್ಲೂಡ್’ ಎಂಬ ಸಾಲುಗಳಿಂದ ಒಂದು ಮುಖ್ಯ ಫೈಲಿಗೆ ಸೇರಿಸಬಹುದು. ಮೊದಲ ಎರಡು ಫೈಲ್‌ಗಳು ನಿಮ್ಮ ಶಾಲೆಗೆ ಮಾತ್ರವಲ್ಲ, ಮಂಜೇಶ್ವರದಿಂದ ಹೊಸದುರ್ಗದವರೆಗಿನ ಯಾವ ಕನ್ನಡ ಶಾಲೆಗಾದರೂ ಹಾಗೆಯೇ ಉಪಯೋಗವಾಗುತ್ತವೆ. ದಯವಿಟ್ಟು ಅವನ್ನು ಇಲ್ಲಿ ಹಂಚಿಕೊಳ್ಳಿ.

ಉತ್ತರ: ಕಾಸರಗೋಡು ಪೇಟೆಯ ಡಿಟಿಪಿ ಕೆಲಸಗಾರ

ಮುದ್ರಣದ ಬಗ್ಗೆ ಎರಡು ಮಾತು. ಶಾಲೆಯ ಲೇಸರ್ ಪ್ರಿಂಟರ್ ಕಪ್ಪು ಬಿಳುಪಿನದ್ದಾದರೆ ರಜೆಗಳಿಗೆ ಕೆಂಪು ಬಣ್ಣ ಕೊಡಬೇಡಿ. ಕೆಂಪು ಅಕ್ಷರವು ಮಾಸಿದ ಬೂದು ಬಣ್ಣದಲ್ಲಿ ಬರುತ್ತದೆ, ಅದರ ಜೆರಾಕ್ಸ್ ತೆಗೆದರೆ ಒತ್ತುಗಳ ಸಣ್ಣ ಗೆರೆಗಳು ಮೊದಲು ಅಳಿಯುತ್ತವೆ. ಅಕ್ಷರವನ್ನು ಕಪ್ಪಾಗಿಯೇ ಉಳಿಸಿಕೊಂಡು ಚೌಕದ ಹಿನ್ನೆಲೆಗೆ ತಿಳಿ ಬೂದು ಕೊಡುವುದು ಒಳ್ಳೆಯದು. ‘ರೆಮ್ ಸನ್ ಸ್ಪೆಷಲ್ ಶೇಡ್ 230’ ಎಂಬ ಒಂದು ಸಾಲಿನಿಂದ ಎಲ್ಲ ಆದಿತ್ಯವಾರಗಳೂ ತಿಳಿ ಬೂದಾಗುತ್ತವೆ. ಅಲ್ಲಿ 0 ಎಂದರೆ ಪೂರ್ತಿ ಕಪ್ಪು, 255 ಎಂದರೆ ಬಿಳಿ. 230ಕ್ಕಿಂತ ಕೆಳಗಿಳಿಸಿದರೆ ಮಕ್ಕಳ ಪೆನ್ಸಿಲ್ ಬರಹ ಅದರ ಮೇಲೆ ಕಾಣುವುದಿಲ್ಲ.

ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದವು, ಒಂದೊಂದು ತುಣುಕಿಗೆ ಒಂದೊಂದು ಬೈಟ್ ಇಟ್ಟುಕೊಂಡವು. ಅವನ್ನು ಪೋಸ್ಟ್‌ಸ್ಕ್ರಿಪ್ಟ್ ಫಾಂಟಾಗಿ ಬದಲಿಸಿ ಪಿಕ್ಯಾಲ್‌ಗೆ ತಿನ್ನಿಸಬಹುದಲ್ಲವೇ ಎಂದು ಯಾರಾದರೂ ಸೂಚಿಸಬಹುದು. ತಾತ್ವಿಕವಾಗಿ ಅದು ಸಾಧ್ಯ, ಆದರೆ ನಾನು ಅದನ್ನು ಬಲವಾಗಿ ವಿರೋಧಿಸುತ್ತೇನೆ. ಹಾಗೆ ಬರೆದ ರಜೆಯ ಪಟ್ಟಿಯನ್ನು ಆ ಫಾಂಟ್ ಇಲ್ಲದ ಇನ್ನೊಂದು ಶಾಲೆಯವರು ತೆರೆದರೆ ಒಂದಕ್ಷರವೂ ಓದಲು ಬರುವುದಿಲ್ಲ, ಹುಡುಕಲೂ ಆಗುವುದಿಲ್ಲ. ಹಂಚಿಕೊಳ್ಳುವ ಫೈಲ್ ಯೂನಿಕೋಡ್‌ನಲ್ಲೇ ಇರಬೇಕು.

ಎ3 ಬೇಕಾದರೆ ಎ4 ಪಿಡಿಎಫ್ ಅನ್ನೇ ಅಂಗಡಿಗೆ ಕೊಡಿ. ಎರಡೂ ಹಾಳೆಗಳ ಉದ್ದಗಲದ ಅನುಪಾತ ಒಂದೇ ಆದ್ದರಿಂದ ಶೇಕಡಾ 141ಕ್ಕೆ ಹಿಗ್ಗಿಸಿದರೆ ಅಂಚು ಹೆಚ್ಚುಕಡಿಮೆಯಾಗದೆ ಕೂರುತ್ತದೆ.

ಪ್ರಶ್ನಿಸಿದವರ ಮರುಮಾತು: ಪೆರ್ಲದ ಟೀಚರ್

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ರಿಮೈಂಡ್‌ನಿಂದ ಹಾಳೆ ಬಂತು, ‘ಸ್ವಾತಂತ್ರ್ಯ ದಿನ’ದ ಎರಡು ಒತ್ತುಗಳೂ ಸ್ಪಷ್ಟವಾಗಿ ಮೂಡಿವೆ. ಗುಡ್ ಫ್ರೈಡೇ ಏಪ್ರಿಲ್ 3ಕ್ಕೇ ಬಿದ್ದಿದೆ. ಆಟಿ ಅಮಾವಾಸ್ಯೆಯ ವಿವರಣೆಯನ್ನು ತರಗತಿಯಲ್ಲಿ ಪಾಠವಾಗಿಯೇ ಮಾಡಬೇಕೆಂದಿದ್ದೇನೆ. ರಜೆಗಳ ಫೈಲ್‌ಗಳನ್ನು ಸರ್ಕಾರದ ಆದೇಶದೊಂದಿಗೆ ಸಾಲುಸಾಲಾಗಿ ತಾಳೆನೋಡಿ ಇಲ್ಲಿ ಹಾಕುತ್ತೇನೆ.

ಇನ್ನೊಂದು ಕೋರಿಕೆಯಿದೆ. ಇಲ್ಲಿಯ ಕ್ಯಾಲೆಂಡರ್‌ಗಳಲ್ಲಿ ಪ್ರತಿ ಚೌಕದ ಮೂಲೆಯಲ್ಲಿ ಕೊಲ್ಲವರ್ಷದ (ಕೇರಳದ ಸೌರಮಾನ ವರ್ಷ) ತಾರೀಕು ಸಣ್ಣದಾಗಿ ಇರುತ್ತದೆ. ಮಕ್ಕಳ ಅಜ್ಜ ಅಜ್ಜಿಯರು ಸೋಣ, ಆಟಿ ಎಂದು ತುಳು ತಿಂಗಳನ್ನು ಹೇಳುತ್ತಾರೆ. ಈ ಸೌರಮಾನದ ತಾರೀಕುಗಳನ್ನು ಪ್ರತಿ ಚೌಕಕ್ಕೂ ಕೈಯಿಂದ ಬರೆಯದೆ ಪ್ರೋಗ್ರಾಂನಿಂದಲೇ ಹಾಕಿಸಬಹುದೇ?

ಉತ್ತರ: ಕುಂಬಳೆಯ ಲಿನಕ್ಸ್ ಬಳಕೆದಾರ

ಹಾಕಿಸಬಹುದು, ಟೀಚರ್. ತಿಂಗಳ ಮೊದಲ ದಿನವನ್ನು ನೀವು ಕೊಡಬೇಕು, ಉಳಿದ ಎಣಿಕೆಯನ್ನು ಅದು ಮಾಡುತ್ತದೆ. 1201ನೇ ಕೊಲ್ಲವರ್ಷದ ಮೊದಲ ತಿಂಗಳಾದ ಚಿಂಗಂ 1 ಬಂದದ್ದು 2025ರ ಆಗಸ್ಟ್ 17ಕ್ಕೆ, ಮುಂದಿನ ತಿಂಗಳಾದ ಕನ್ನಿ 1 ಸೆಪ್ಟೆಂಬರ್ 17ಕ್ಕೆ. ಆದ್ದರಿಂದ ‘ರೆಮ್’ ಬಳಿಕ ಆಗಸ್ಟ್ 17ರ ಪೂರ್ಣ ತಾರೀಕು, ಪ್ರತಿ ದಿನವೂ ಮರುಕಳಿಸಲು ನಕ್ಷತ್ರ ಚಿಹ್ನೆ ಮತ್ತು 1, ‘ಅಂಟಿಲ್’ ಎಂದು ಸೆಪ್ಟೆಂಬರ್ 16ರ ತಾರೀಕು, ಕೊನೆಗೆ ‘ಎಂಎಸ್‌ಜಿ ಚಿಂಗಂ’ ಎಂದು ಬರೆಯಿರಿ. ಅದರ ಮುಂದೆ ಚೌಕ ಕಂಸದೊಳಗೆ ‘ಟ್ರಿಗ್‌ಡೇಟ್’ ಎಂಬ ಫಂಕ್ಷನ್‌ನಿಂದ ಆಗಸ್ಟ್ 17ನ್ನು ಕಳೆದು 1 ಕೂಡಿಸುವ ಲೆಕ್ಕ ಇರಲಿ. ಟ್ರಿಗ್‌ಡೇಟ್ ಎಂದರೆ ಯಾವ ಚೌಕವನ್ನು ತುಂಬಲಾಗುತ್ತಿದೆಯೋ ಆ ದಿನ. ಹೆಸರಿನ ಬಳಿಕ ಖಾಲಿ ಆವರಣ ಚಿಹ್ನೆಗಳನ್ನು ಮರೆಯಬೇಡಿ. ಆಗ ಆಗಸ್ಟ್ 17ರ ಚೌಕದಲ್ಲಿ ಚಿಂಗಂ 1 ಎಂದೂ, ಸೆಪ್ಟೆಂಬರ್ 5ರ ತಿರುವೋಣಂ ಚೌಕದಲ್ಲಿ ಚಿಂಗಂ 20 ಎಂದೂ ಬರುತ್ತದೆ. ವರ್ಷಕ್ಕೆ ಇಂತಹ ಹನ್ನೆರಡು ಸಾಲುಗಳು ಸಾಕು.

ಮೊದಲ ದಿನವನ್ನೂ ಪ್ರೋಗ್ರಾಂಗೇ ಲೆಕ್ಕ ಹಾಕಲು ಬಿಡುವುದು ಬೇಡ. ಸಂಕ್ರಮಣದ ಕ್ಷಣ ಎಲ್ಲೆಡೆಯೂ ಒಂದೇ ಆಗಿದ್ದರೂ ಅದರಿಂದ ತಿಂಗಳ 1ನೇ ದಿನವನ್ನು ನಿರ್ಧರಿಸುವ ಕ್ರಮ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಕೇರಳದ ಕ್ರಮದಲ್ಲಿ ಹಗಲಿನ ಐದು ಪಾಲಿನಲ್ಲಿ ಮೂರು ಪಾಲು ಕಳೆಯುವ ಮೊದಲು, ಎಂದರೆ ಸುಮಾರು ಮಧ್ಯಾಹ್ನ 1 ಗಂಟೆ 12 ನಿಮಿಷದ ಒಳಗೆ ಸಂಕ್ರಮಣವಾದರೆ ಅದೇ ದಿನ ತಿಂಗಳು ಆರಂಭ, ತಡವಾದರೆ ಮರುದಿನ. ತಮಿಳುನಾಡಿನ ಕ್ರಮದಲ್ಲಿ ಸೂರ್ಯಾಸ್ತದವರೆಗೂ ಅವಕಾಶವಿದೆ. ಆದ್ದರಿಂದ ಕೊಲ್ಲವರ್ಷದ ಹನ್ನೆರಡು ಆರಂಭಗಳನ್ನು ಮಲಯಾಳಂ ಕ್ಯಾಲೆಂಡರ್‌ನಿಂದಲೂ, ಪಗ್ಗುವಿನಿಂದ ಸುಗ್ಗಿಯವರೆಗಿನ ತುಳು ತಿಂಗಳುಗಳ ಆರಂಭಗಳನ್ನು ನಮ್ಮ ಪಂಚಾಂಗದಿಂದಲೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಎರಡನ್ನೂ ಒಂದೇ ಚೌಕದಲ್ಲಿ ಹಾಕಿದರೆ ಮಕ್ಕಳಿಗೆ ಬರೆಯಲು ಜಾಗ ಉಳಿಯುವುದಿಲ್ಲ. ತರಗತಿಯ ಹಾಳೆಗೆ ತುಳು ತಿಂಗಳ ಮೊದಲ ದಿನದ ಹೆಸರನ್ನು ಮಾತ್ರ ಇಟ್ಟು, ದಿನದಿನದ ಎಣಿಕೆಯನ್ನು ಮನೆಗೆ ಕೊಡುವ ಪ್ರತಿಗೆ ಬಿಡುವುದು ಮೇಲು. ಮುಖ್ಯ ಫೈಲಿನಲ್ಲಿ ಇನ್‌ಕ್ಲೂಡ್ ಸಾಲಿನ ಆರಂಭಕ್ಕೆ ಒಂದು ಹ್ಯಾಶ್ ಚಿಹ್ನೆ ಹಾಕಿದರೆ ಆ ಫೈಲ್ ಬಿಟ್ಟುಹೋಗುತ್ತದೆ, ತೆಗೆದರೆ ಮತ್ತೆ ಸೇರುತ್ತದೆ. ಹಾಗಾಗಿ ಎರಡು ಪ್ರತಿಗಳಿಗೂ ಪಟ್ಟಿಗಳನ್ನು ಮತ್ತೆ ಬರೆಯಬೇಕಾಗಿಲ್ಲ.